ಪ್ರಾಗ್‌ನ ನಗು ಉಳಿಸಿದ ನೌಕರ

ಹಳೇ ಮೂಕಿ ಹಾಸ್ಯಚಿತ್ರಗಳನ್ನು ಹುಡುಕಿ ನೋಡೋ ಹುಚ್ಚು ನನಗಿದೆ. ಚಾಪ್ಲಿನ್ ಎಲ್ಲರಿಗೂ ಗೊತ್ತು, ಯಾನ್ ಕ್ರಿಝೆನೆಟ್ಸ್ಕಿ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

1868ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದ ಈತ ನಗರಾಡಳಿತದ ಕಟ್ಟಡ ವಿಭಾಗದ ನೌಕರ, ಫೋಟೋಗ್ರಾಫರ್ ಕೂಡ. ಲೂಮಿಯೇರ್ ಕ್ಯಾಮೆರಾ ತರಿಸಿ, 1898ರ ಪ್ರಾಗ್ ವಸ್ತುಪ್ರದರ್ಶನದಲ್ಲಿ ತಾನೇ ತೆಗೆದ ಸಿನಿಮಾ ತೋರಿಸಿದ. ನಟ ಯೋಸೆಫ್ ಶ್ವಾಬ್-ಮಾಲೊಸ್ಟ್ರಾನ್ಸ್ಕಿ ಜೊತೆಗಿದ್ದ. ಒಂದರಲ್ಲಿ ಸಾಸೇಜ್ ಮಾರುವವನಿಗೂ ಪೋಸ್ಟರ್ ಅಂಟಿಸುವವನಿಗೂ ಜಟಾಪಟಿ. ಇನ್ನೊಂದರಲ್ಲಿ ಬರೀ ಒಂದು ಮುಖ: ನಗುತ್ತೆ, ಅಳುತ್ತೆ, ಅಷ್ಟೇ.

ಆಗ ಚೆಕ್ ಜನರಿಗೆ ಸ್ವಂತ ದೇಶವಿರಲಿಲ್ಲ, ವಿಯೆನ್ನಾದ ಚಕ್ರವರ್ತಿಯ ಆಳ್ವಿಕೆ. ಈ ತಮಾಷೆಗಳಲ್ಲಿ ಕಾಣೋದು ದೊರೆಗಳಲ್ಲ, ಬೀದಿಯಲ್ಲಿ ದುಡಿಯೋ ಜನ. ಸಂಗ್ರಾಹಕರನ್ನು ಸೆಳೆಯೋದೂ ಇದೇ ಅನ್ನೋದು ನನ್ನ ಅನಿಸಿಕೆ.

1918ರಲ್ಲಿ ಗಣರಾಜ್ಯ ಬಂತು, 1921ರಲ್ಲಿ ಆತ ತೀರಿಕೊಂಡ. ನೈಟ್ರೇಟ್ ಫಿಲ್ಮ್ ಬೇಗ ಬೆಂಕಿ ಹಿಡಿಯುತ್ತೆ, ಕೊಳೆಯುತ್ತೆ. ಆದರೂ ಉಳಿದ ರೀಲುಗಳನ್ನು ಚೆಕ್ ರಾಷ್ಟ್ರೀಯ ಫಿಲ್ಮ್ ಆರ್ಕೈವ್ ಡಿಜಿಟಲ್ ಮಾಡಿದೆ. ಬೀರುವಿನಲ್ಲಿ ಬೀಗ ಹಾಕಿಟ್ಟ ರೀಲು ಒಬ್ಬರ ಆಸ್ತಿ, ಆರ್ಕೈವ್‌ನಲ್ಲಿದ್ದರೆ ಎಲ್ಲರ ನೆನಪು. ಇದಕ್ಕೆಲ್ಲ ಸರ್ಕಾರದ ದುಡ್ಡು ಯಾಕೆ ಅನ್ನೋರಿಗೆ ನಾನು ತೋರಿಸೋದು ಆ ನಗುವ ಮುಖವನ್ನೇ.