ಜೋರಾಗಿ ಕೇಳಿದ್ದೆಲ್ಲ ಚೆನ್ನಾಗಿರುತ್ತದಾ? ಕಿವಿಯ ಮೋಸವನ್ನು ಅಳೆದ ಹಾರ್ವಿ ಫ್ಲೆಚರ್ ಕಥೆ

ಹಳೆಯ ರಾಕ್ ಆಲ್ಬಮ್ ಒಂದರ ಹೊಸ ಸರೌಂಡ್ ಆವೃತ್ತಿ ಬಂತೆಂದರೆ ಗ್ರೂಪುಗಳಲ್ಲಿ ಎರಡು ಬಗೆಯ ಫಾರ್ವರ್ಡ್‌ಗಳು ಓಡಾಡುತ್ತವೆ. ರೀಮಾಸ್ಟರ್ ಆಗಿದೆ ಎಂದರೆ ಹಳೆಯದಕ್ಕಿಂತ ಚೆನ್ನಾಗಿಯೇ ಇರುತ್ತದೆ ಎನ್ನುವುದು ಒಂದು. ಇಯರ್‌ಫೋನ್ ಹಾಕಿ ಈ 8ಡಿ ಹಾಡು ಕೇಳಿ, ಕಿವಿಯಿಂದಲ್ಲ ಮಿದುಳಿನಿಂದ ಕೇಳಿಸುತ್ತದೆ ಎನ್ನುವುದು ಇನ್ನೊಂದು. ಎರಡನೆಯದನ್ನು ಬೇಗ ಮುಗಿಸಿಬಿಡೋಣ. ಯಾವ ಶಬ್ದವಾದರೂ ಕಿವಿಯ ಮೂಲಕ ಹೋಗಿ ಮಿದುಳಿನಲ್ಲೇ ಅರ್ಥವಾಗುತ್ತದೆ. 8ಡಿ ಎನ್ನುವುದು ಮಾಮೂಲಿ ಎರಡು ಚಾನೆಲ್‌ನ ಹಾಡನ್ನೇ ಎಡಕ್ಕೂ ಬಲಕ್ಕೂ ಓಡಾಡಿಸಿ, ಒಂದಿಷ್ಟು ಪ್ರತಿಧ್ವನಿ ಸೇರಿಸಿದ್ದು. ಎಂಟು ಆಯಾಮ ಅದರಲ್ಲಿ ಎಲ್ಲೂ ಇಲ್ಲ.

ಮೊದಲನೆಯದು ಅಷ್ಟು ಸುಲಭವಲ್ಲ. ಹೊಸದು ನಿಜಕ್ಕೂ ಚೆನ್ನಾಗಿದೆಯೋ ಅಥವಾ ನಮ್ಮ ಕಿವಿ ಮೋಸಹೋಗುತ್ತಿದೆಯೋ ಎಂದು ಹೇಳಲು ಬೇಕಾದ ಅಳತೆಯನ್ನು 1933ರಲ್ಲೇ ಅಮೆರಿಕದ ಒಬ್ಬ ಭೌತವಿಜ್ಞಾನಿ ಕೊಟ್ಟಿದ್ದರು. ಅವರ ಹೆಸರು ಹಾರ್ವಿ ಫ್ಲೆಚರ್.

ಫ್ಲೆಚರ್ ಹುಟ್ಟಿದ್ದು 1884ರಲ್ಲಿ, ಯೂಟಾ ರಾಜ್ಯದ ಪ್ರೋವೊ ಎಂಬ ಊರಿನಲ್ಲಿ. ಅಲ್ಲೇ ಓದಿ, ಮುಂದಿನ ಓದಿಗೆ ಷಿಕಾಗೋ ವಿಶ್ವವಿದ್ಯಾಲಯ ಸೇರಿದರು. ಅವರಿಗೆ ಮಾರ್ಗದರ್ಶಕರಾಗಿದ್ದವರು ರಾಬರ್ಟ್ ಮಿಲಿಕನ್. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಈ ಹೆಸರು ಗೊತ್ತಿರುತ್ತದೆ. ಎಲೆಕ್ಟ್ರಾನಿನ ಆವೇಶವನ್ನು ಎಣ್ಣೆಹನಿಗಳಿಂದ ಅಳೆದವರು ಅವರೇ. ಆ ಪ್ರಯೋಗಶಾಲೆಯಲ್ಲಿ ಫ್ಲೆಚರ್ ಕೂಡ ಇದ್ದರು. ಅದರ ಕಥೆ ಆಮೇಲೆ ಬರುತ್ತದೆ, ಏಕೆಂದರೆ ಅದು ಹೊರಬಂದದ್ದೇ ಬಹಳ ತಡವಾಗಿ.

1911ರಲ್ಲಿ ಪಿಎಚ್‌ಡಿ ಮುಗಿಸಿ ಪ್ರೋವೊಗೆ ವಾಪಸಾಗಿ ಕೆಲವು ವರ್ಷ ಪಾಠ ಮಾಡಿದರು. 1916ರಲ್ಲಿ ನ್ಯೂಯಾರ್ಕಿನ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ ಸೇರಿದರು. ಅದರ ಸಂಶೋಧನಾ ವಿಭಾಗವೇ 1925ರಲ್ಲಿ ಬೆಲ್ ಲ್ಯಾಬ್ಸ್ ಆಯಿತು. ಟೆಲಿಫೋನ್ ಕಂಪನಿಗೆ ಕಿವಿಯ ಚಿಂತೆ ಏಕೆ? ಲೆಕ್ಕ ಸರಳ. ಮನುಷ್ಯನಿಗೆ ಮಾತು ಅರ್ಥವಾಗಲು ಎಷ್ಟು ಶಬ್ದ ಸಾಕು ಎಂದು ಗೊತ್ತಾದರೆ ತಂತಿಯ ಮೇಲೆ ಅಷ್ಟನ್ನೇ ಕಳಿಸಿದರಾಯಿತು, ಹಣ ಉಳಿಯುತ್ತದೆ. ಫ್ಲೆಚರ್ ತಂಡ ಈ ನೆಪದಲ್ಲಿ ಕಿವಿಯನ್ನೇ ಅಳೆಯತೊಡಗಿತು. ಇಂದು ಇಎನ್‌ಟಿ ಡಾಕ್ಟರ ಬಳಿ ಹೆಡ್‌ಫೋನ್ ಹಾಕಿ ಕಿವಿ ಪರೀಕ್ಷೆ ಮಾಡುತ್ತಾರಲ್ಲ, ಆ ಆಡಿಯೋಮೀಟರ್‌ಗಳ ಆರಂಭದ ಮಾದರಿಗಳು ಬಂದದ್ದು ಇಲ್ಲಿಂದಲೇ. ಶಾಲೆಯ ಹಲವು ಮಕ್ಕಳ ಕಿವಿಯನ್ನು ಒಟ್ಟಿಗೆ ಪರೀಕ್ಷಿಸಲು ಗ್ರಾಮಫೋನ್ ಬಳಸುವ ಯಂತ್ರವನ್ನೂ ತಯಾರಿಸಿದರು.

ಈಗ 1933ಕ್ಕೆ ಬರೋಣ. ಆ ವರ್ಷ ಫ್ಲೆಚರ್ ಮತ್ತು ಸಹೋದ್ಯೋಗಿ ವೈಲ್ಡನ್ ಮನ್ಸನ್ ಒಂದು ಪ್ರಬಂಧ ಪ್ರಕಟಿಸಿದರು. ಅವರು ಮಾಡಿದ್ದು ಇಷ್ಟು: ಜನರಿಗೆ ಹೆಡ್‌ಫೋನ್ ಕೊಟ್ಟು 1000 ಹರ್ಟ್ಸ್‌ನ ಒಂದು ಸ್ವರ ಕೇಳಿಸುವುದು. ಆಮೇಲೆ ಬೇರೊಂದು ಸ್ವರ ಕೇಳಿಸಿ, ಎರಡೂ ಒಂದೇ ಜೋರಿನಲ್ಲಿವೆ ಅನ್ನಿಸಲು ಅದನ್ನು ಎಷ್ಟು ಏರಿಸಬೇಕು ಎಂದು ಗುರುತಿಸುವುದು. ಹೀಗೆ ತಗ್ಗು ಸ್ವರದಿಂದ ತೀರಾ ಕೀರಲು ಸ್ವರದವರೆಗೆ, ಮೆಲ್ಲನೆಯಿಂದ ಅಬ್ಬರದವರೆಗೆ. ಅದರಿಂದ ಬಂದ ಗೆರೆಗಳಿಗೆ ಫ್ಲೆಚರ್-ಮನ್ಸನ್ ವಕ್ರರೇಖೆಗಳೆಂದೇ ಹೆಸರಾಯಿತು.

ಆ ಗೆರೆಗಳು ಹೇಳುವುದೇನೆಂದರೆ, ನಮ್ಮ ಕಿವಿ ಎಲ್ಲ ಸ್ವರಗಳನ್ನೂ ಸಮನಾಗಿ ಕೇಳುವುದಿಲ್ಲ. 40 ಡೆಸಿಬೆಲ್‌ನ 1000 ಹರ್ಟ್ಸ್ ಸ್ವರದಷ್ಟೇ ಜೋರಾಗಿ 100 ಹರ್ಟ್ಸ್‌ನ ತಗ್ಗು ಸ್ವರ ಕೇಳಿಸಬೇಕಾದರೆ ಅದನ್ನು ಸುಮಾರು 60 ಡೆಸಿಬೆಲ್‌ಗೆ ಏರಿಸಬೇಕು. ಶಕ್ತಿಯ ಲೆಕ್ಕದಲ್ಲಿ ಇದು 100 ಪಟ್ಟು. ಆದರೆ ಒಟ್ಟು ಶಬ್ದ ಏರುತ್ತಾ ಹೋದಂತೆ ಈ ಅಂತರ ಕಡಿಮೆಯಾಗುತ್ತದೆ. ಅಂದರೆ ಅದೇ ಹಾಡನ್ನು ವಾಲ್ಯೂಮ್ ಏರಿಸಿ ಕೇಳಿದರೆ ಬೇಸ್ ತುಂಬಿಕೊಂಡಂತೆ ಕೇಳಿಸುತ್ತದೆ. ಹಾಡಿನಲ್ಲಿ ಏನೂ ಬದಲಾಗಿಲ್ಲ, ಬದಲಾದದ್ದು ಕಿವಿ!

ರೀಮಾಸ್ಟರ್ ವ್ಯಾಪಾರದ ಒಂದು ದೊಡ್ಡ ಗುಟ್ಟು ಇಲ್ಲೇ ಇದೆ. 1990ರ ದಶಕದಿಂದೀಚೆಗೆ ಹಳೆಯ ಆಲ್ಬಮ್‌ಗಳ ಎಷ್ಟೋ ರೀಮಾಸ್ಟರ್‌ಗಳಲ್ಲಿ ಮೆಲ್ಲನೆಯ ಭಾಗಗಳನ್ನು ಮೇಲೆತ್ತಿ, ಒಟ್ಟಾರೆ ಶಬ್ದವನ್ನು ಜೋರು ಮಾಡಿದರು. ಹಳೆಯ ಸಿಡಿ ತೆಗೆದು ಹೊಸದು ಹಾಕಿದ ಕೂಡಲೇ ಬೇಸ್ ಹೆಚ್ಚು, ಮೇಲಿನ ಸ್ವರಗಳೂ ಸ್ಪಷ್ಟ ಅನ್ನಿಸುತ್ತದೆ. ಕೇಳಿದವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ಹಾಗೆಯೇ ಕೇಳಿಸುತ್ತಿದೆ. ವ್ಯತ್ಯಾಸ ಬರೀ 1 ಡೆಸಿಬೆಲ್ ಇದ್ದರೂ ಸಾಕು. ಅದು ಜೋರು ಎಂದು ಗೊತ್ತಾಗುವುದಿಲ್ಲ, ಚೆನ್ನಾಗಿದೆ ಎಂದಷ್ಟೇ ಅನ್ನಿಸುತ್ತದೆ.

ಸರೌಂಡ್ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಸ್ಪೀಕರ್ ಎರಡಲ್ಲ, ಐದು ಮತ್ತು ಒಂದು ಸಬ್‌ವೂಫರ್. ವಾಲ್ಯೂಮ್ ಗುಂಡಿ ಅದೇ ಜಾಗದಲ್ಲಿದ್ದರೂ ಕೋಣೆಯಲ್ಲಿನ ಶಬ್ದ ಅಷ್ಟೇ ಇರುತ್ತದೆಂದು ಹೇಳಲಾಗದು. ಜೊತೆಗೆ, ರೀಮಾಸ್ಟರ್ ಎನ್ನುವುದು ಸಿದ್ಧವಾಗಿರುವ ಮಿಶ್ರಣವನ್ನು ತಿದ್ದುವುದು. ಸರೌಂಡ್‌ಗೆ ಸಾಮಾನ್ಯವಾಗಿ ಮೂಲ ಟೇಪುಗಳಿಗೇ ಹೋಗಿ ಗಿಟಾರ್, ಡ್ರಮ್ಸ್, ದನಿ ಎಲ್ಲವನ್ನೂ ಹೊಸದಾಗಿ ಜೋಡಿಸಬೇಕು. ಪಿಂಕ್ ಫ್ಲಾಯ್ಡ್‌ನ 'ದ ಡಾರ್ಕ್ ಸೈಡ್ ಆಫ್ ದ ಮೂನ್' 1973ರದ್ದು. ಅದರ ನಾಲ್ಕು ಚಾನೆಲ್ ಮಿಶ್ರಣವನ್ನು ಮಾಡಿದ್ದು ಅಲನ್ ಪಾರ್ಸನ್ಸ್, 2003ರ 5.1 ಮಿಶ್ರಣವನ್ನು ಮಾಡಿದ್ದು ಜೇಮ್ಸ್ ಗತ್ರಿ. ಯಾವ ವಾದ್ಯ ಎಲ್ಲಿಂದ ಬರಬೇಕೆಂಬ ತೀರ್ಮಾನ ಇಬ್ಬರದೂ ಬೇರೆ ಬೇರೆ. ಇದನ್ನು ಇಷ್ಟಪಡುವುದೋ ಬಿಡುವುದೋ ಅಭಿರುಚಿಯ ಮಾತು. ಶಬ್ದದ ಗುಣಮಟ್ಟದ ಮಾತು ಬೇರೆ. ನಾನು ಓದಿದ ಎಷ್ಟೋ ವಿಮರ್ಶೆಗಳು ಇವೆರಡನ್ನೂ ಕಲಸಿಬಿಟ್ಟಿವೆ.

ನೀವೇ ಪರೀಕ್ಷಿಸಬೇಕೆಂದರೆ ಫೋನಿಗೆ ಒಂದು ಸೌಂಡ್ ಮೀಟರ್ ಆಪ್ ಹಾಕಿಕೊಳ್ಳಿ. ಕೂರುವ ಜಾಗದಲ್ಲಿ ಫೋನ್ ಇಟ್ಟು, ಎರಡೂ ಆವೃತ್ತಿಗಳ ಒಂದೇ ಸಾಲನ್ನು ಕೇಳಿಸಿ, ಮೀಟರ್ ಒಂದೇ ಅಂಕಿ ತೋರಿಸುವಂತೆ ವಾಲ್ಯೂಮ್ ಹೊಂದಿಸಿ. ಆಪ್‌ನ ಅಂಕಿ ಕರಾರುವಾಕ್ಕಾಗಿ ಇರದಿದ್ದರೂ ಚಿಂತೆಯಿಲ್ಲ, ನಮಗೆ ಬೇಕಾದದ್ದು ಎರಡೂ ಸಮವಾಗಿರುವುದು. ಆಮೇಲೆ ಯಾವುದು ಹಾಕಿದ್ದೇನೆಂದು ಹೇಳದೆ ಮನೆಯವರು ಬದಲಾಯಿಸಲಿ. ಆಗಲೂ ಹೊಸದೇ ಇಷ್ಟವಾದರೆ ಅದಕ್ಕೆ ದುಡ್ಡು ಕೊಡಬಹುದು. ಅಂದಹಾಗೆ, ಬೇಸ್‌ಗಾಗಿ ವಾಲ್ಯೂಮ್ ಏರಿಸುವವರು ಗಮನಿಸಿ: ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ 80 ಡೆಸಿಬೆಲ್ ಶಬ್ದ ವಾರಕ್ಕೆ 40 ಗಂಟೆ ಮಾತ್ರ ಸುರಕ್ಷಿತ. ಶಬ್ದ ಏರಿದಂತೆ ಈ ಗಂಟೆಗಳು ಬೇಗನೆ ಕರಗುತ್ತವೆ.

ಫ್ಲೆಚರ್ ಸರೌಂಡ್‌ನ ಪೂರ್ವಜರಲ್ಲೂ ಒಬ್ಬರು. ಅದೇ 1933ರ ಏಪ್ರಿಲ್ 27ರಂದು ಫಿಲಡೆಲ್ಫಿಯಾ ಆರ್ಕೆಸ್ಟ್ರಾ ತನ್ನ ಊರಿನಲ್ಲಿ ನುಡಿಸುತ್ತಿತ್ತು. ಸುಮಾರು 200 ಕಿಲೋಮೀಟರ್ ದೂರದ ವಾಷಿಂಗ್ಟನ್‌ನಲ್ಲಿ ಸಭಾಂಗಣ ತುಂಬಿತ್ತು, ವೇದಿಕೆಯ ಮೇಲೆ ಒಬ್ಬ ವಾದಕನೂ ಇರಲಿಲ್ಲ. ಮೂರು ಮೈಕ್, ಮೂರು ಟೆಲಿಫೋನ್ ಮಾರ್ಗ, ಮೂರು ಕಡೆ ಧ್ವನಿವರ್ಧಕ. ಆರ್ಕೆಸ್ಟ್ರಾದ ನಿರ್ದೇಶಕ ಲಿಯೊಪೋಲ್ಡ್ ಸ್ಟೊಕೊವ್‌ಸ್ಕಿ ವಾದಕರ ಮುಂದೆ ನಿಲ್ಲುವ ಬದಲು ವಾಷಿಂಗ್ಟನ್‌ನಲ್ಲಿ ಕುಳಿತು ಶಬ್ದದ ಗುಂಡಿಗಳನ್ನು ತಿರುಗಿಸುತ್ತಿದ್ದರು. ಎಡ, ನಡು, ಬಲ ಎಂಬ ಜೋಡಣೆ ಇಂದಿನ 5.1ರ ಮುಂಭಾಗದಲ್ಲಿ ಹಾಗೆಯೇ ಇದೆ. ಇದೇ ಸ್ಟೊಕೊವ್‌ಸ್ಕಿ ಮುಂದೆ 1940ರಲ್ಲಿ ಡಿಸ್ನಿಯ 'ಫ್ಯಾಂಟಸಿಯಾ' ಚಿತ್ರಕ್ಕೆ ಕೆಲಸ ಮಾಡಿದರು. ಪ್ರೇಕ್ಷಕರ ಸುತ್ತ ಧ್ವನಿವರ್ಧಕ ಇಟ್ಟ ಮೊದಲ ವಾಣಿಜ್ಯ ಚಿತ್ರಗಳಲ್ಲಿ ಅದೂ ಒಂದು.

1949ರಲ್ಲಿ ಬೆಲ್ ಲ್ಯಾಬ್ಸ್ ಬಿಟ್ಟ ಫ್ಲೆಚರ್ ಕೆಲಕಾಲ ಕೊಲಂಬಿಯಾದಲ್ಲಿದ್ದು ಮತ್ತೆ ಪ್ರೋವೊಗೆ ಮರಳಿದರು. ಮಗ ಜೇಮ್ಸ್ ಎರಡು ಬಾರಿ ನಾಸಾ ಮುಖ್ಯಸ್ಥರಾದರು. ಫ್ಲೆಚರ್ ತೀರಿಕೊಂಡದ್ದು 1981ರಲ್ಲಿ, 96ನೇ ವಯಸ್ಸಿನಲ್ಲಿ.

ಅವರು ಬರೆದಿಟ್ಟಿದ್ದ ನೆನಪುಗಳ ಒಂದು ಭಾಗ ಮರುವರ್ಷ 'ಫಿಸಿಕ್ಸ್ ಟುಡೇ' ಪತ್ರಿಕೆಯಲ್ಲಿ ಬಂತು. ತಾವು ಸತ್ತ ಮೇಲಷ್ಟೇ ಪ್ರಕಟಿಸಬೇಕೆಂದು ಅವರೇ ಹೇಳಿದ್ದರು. ಅದರ ಪ್ರಕಾರ, ನೀರಿನ ಹನಿಗಳು ಆವಿಯಾಗಿಬಿಡುತ್ತವೆಂದು ಗಡಿಯಾರದ ಎಣ್ಣೆಯನ್ನೂ ಅಂಗಡಿಯಿಂದ ಅತ್ತರಿನ ಸ್ಪ್ರೇಯನ್ನೂ ತಂದು ಮೊದಲ ಎಣ್ಣೆಹನಿ ಉಪಕರಣ ಕಟ್ಟಿದವರು ಫ್ಲೆಚರ್. ಪ್ರಬಂಧ ಬರೆಯುವ ಹೊತ್ತಿಗೆ ಮಿಲಿಕನ್ ಅವರ ಮನೆಗೇ ಬಂದರು. ಎಲೆಕ್ಟ್ರಾನ್ ಪ್ರಬಂಧದಲ್ಲಿ ತಮ್ಮ ಹೆಸರು ಮಾತ್ರ ಇರಲಿ, ಇನ್ನೊಂದು ಪ್ರಬಂಧ ಫ್ಲೆಚರ್ ಒಬ್ಬರ ಹೆಸರಿನಲ್ಲಿ ಬಂದು ಪಿಎಚ್‌ಡಿಗೆ ಆಗಲಿ ಎಂದು ಸೂಚಿಸಿದರು. ಫ್ಲೆಚರ್ ಒಪ್ಪಿದರು. ಮಿಲಿಕನ್‌ಗೆ 1923ರಲ್ಲಿ ನೊಬೆಲ್ ಬಂತು. ಇಬ್ಬರೂ ಕೊನೆಯವರೆಗೆ ಸ್ನೇಹಿತರಾಗಿಯೇ ಇದ್ದರೆಂದೂ ಆ ಬರಹದಲ್ಲಿದೆ.