ಬಾಳೆಹಣ್ಣಿನ ಲೆಕ್ಕ ಕಲಿಸಿದ ಮಹಾವೀರಾಚಾರ್ಯ

ಕಳೆದ ಸೆಮಿಸ್ಟರ್‌ನಲ್ಲಿ ಇಂಟರ್ನ್‌ಶಿಪ್‌ಗೆ ಆಯ್ಕೆ ಮಾಡಲು ಬಂದ ಕಂಪನಿಯೊಂದರ ಆಪ್ಟಿಟ್ಯೂಡ್ ಪರೀಕ್ಷೆಯಲ್ಲಿ ನಾನು ಬಿದ್ದದ್ದು ಕೋಡಿಂಗ್‌ನಿಂದಲ್ಲ, ಭಾಗಾಕಾರದಿಂದ. 19ರಿಂದ ಭಾಗಿಸಿದರೆ 4, 31ರಿಂದ ಭಾಗಿಸಿದರೆ 7 ಶೇಷ ಉಳಿಯುವ ಅತಿ ಚಿಕ್ಕ ಸಂಖ್ಯೆ ಯಾವುದು? ಆಯ್ಕೆಗಳನ್ನು ಕೊಟ್ಟಿರಲಿಲ್ಲ. ಒಂದೊಂದೇ ಸಂಖ್ಯೆ ಹಾಕಿ ನೋಡುತ್ತಾ ಕೂತೆ, ನಡುವೆ ಎಲ್ಲೋ ತಪ್ಪಿತು, ಸಮಯ ಮುಗಿಯಿತು. ಗೆಳೆಯರು ಎರಡನೇ ಸುತ್ತಿಗೆ ಹೋದರು, ನಾನು ಬಂಟ್ವಾಳದ ಬಸ್ ಹತ್ತಿದೆ.

ಇಂಥ ಲೆಕ್ಕಕ್ಕೆ ಸರಿಯಾದ ದಾರಿ ಹುಡುಕುವಾಗ ಲೈಬ್ರರಿಯಲ್ಲಿ ಸಿಕ್ಕಿದ್ದು 'ಗಣಿತಸಾರಸಂಗ್ರಹ'. ಪದ್ಮಾವತಮ್ಮ ಅವರ ಕನ್ನಡ ಅನುವಾದದೊಂದಿಗೆ 2000ದಲ್ಲಿ ಹೊಂಬುಜದಿಂದ ಪ್ರಕಟವಾದ ಪುಸ್ತಕ. ಮೂಲ ಬರೆದವರು ಮಹಾವೀರಾಚಾರ್ಯ. ಕಾಲ ಸುಮಾರು ಕ್ರಿ.ಶ. 850. ಮಾನ್ಯಖೇಟದಿಂದ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ಅಮೋಘವರ್ಷ ನೃಪತುಂಗ ಆಳುತ್ತಿದ್ದ ದಿನಗಳು. ಕನ್ನಡದಲ್ಲಿ ಕವಿರಾಜಮಾರ್ಗ ಹುಟ್ಟಿದ ಆಸ್ಥಾನವೂ ಅದೇ.

ಈ ಜೈನ ವಿದ್ವಾಂಸರು ತಮ್ಮ ಊರು, ತಂದೆತಾಯಿಯ ಬಗ್ಗೆ ಬರೆದುಕೊಂಡವರಲ್ಲ. ತೀರ್ಥಂಕರ ಮಹಾವೀರನಿಗೆ ನಮಿಸಿ, ರಾಜನನ್ನು ಹೊಗಳಿ, ನೇರವಾಗಿ ಗಣಿತಕ್ಕೆ ಇಳಿಯುತ್ತಾರೆ. ಅಡುಗೆ, ವೈದ್ಯ, ಸಂಗೀತ, ನಾಟಕ, ವ್ಯಾಕರಣ ಎಲ್ಲಕ್ಕೂ ಲೆಕ್ಕ ಬೇಕೆನ್ನುತ್ತಾರೆ. ಆರ್ಯಭಟ, ಬ್ರಹ್ಮಗುಪ್ತರಲ್ಲಿ ಗಣಿತ ಖಗೋಳದ ಜೊತೆ ಬೆರೆತಿತ್ತು. ಇವರದು ಗಣಿತಕ್ಕೇ ಮೀಸಲಾದ, ಸಾವಿರಕ್ಕೂ ಮಿಕ್ಕಿದ ಸಂಸ್ಕೃತ ಶ್ಲೋಕಗಳ ಪುಸ್ತಕ. ಭಿನ್ನರಾಶಿ ಕೂಡಿಸಲು ನಾವು ಹೈಸ್ಕೂಲಿನಲ್ಲಿ ಕಲಿತ ಲ.ಸಾ.ಅ. 'ನಿರುದ್ಧ' ಎಂಬ ಹೆಸರಿನಲ್ಲಿ ಇಲ್ಲಿದೆ. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದೂ ಹೇಳಿದ್ದಾರೆ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದು ಬರೆದದ್ದು ಮಾತ್ರ ತಪ್ಪು. ಇಷ್ಟು ದೊಡ್ಡವರೂ ಎಡವಿದ್ದಾರೆ ಎಂದು ಓದಿ, ನಿಜ ಹೇಳಬೇಕೆಂದರೆ, ನನಗೆ ಸ್ವಲ್ಪ ಸಮಾಧಾನವಾಯಿತು.

ನನಗೆ ಬೇಕಿದ್ದದ್ದು ಅವರ 'ಕುಟ್ಟೀಕಾರ'. ಅಡಿಕೆ, ಹಲಸು, ಮಾವು, ಬಾಳೆ ತುಂಬಿದ ಕಾಡಂಚಿಗೆ ದಣಿದ ದಾರಿಹೋಕರು ಬರುತ್ತಾರೆ. ಓದುವಾಗ ನನ್ನ ಕಣ್ಣಿಗೆ ಬಂದದ್ದು ಬೆಳ್ತಂಗಡಿಯ ಅಜ್ಜಿಮನೆಯ ತೋಟ. ಅಲ್ಲಿ ಸಮನಾದ 63 ರಾಶಿ ಬಾಳೆಹಣ್ಣು, ಜೊತೆಗೆ 7 ಬಿಡಿ ಹಣ್ಣು. 23 ಜನರಿಗೆ ಏನೂ ಉಳಿಯದಂತೆ ಸಮನಾಗಿ ಹಂಚಿದರೆ ಒಂದು ರಾಶಿಯಲ್ಲಿ ಎಷ್ಟು ಹಣ್ಣು?

ಊಹೆ ಬೇಡ. 63ನ್ನು 23ರಿಂದ ಭಾಗಿಸಿ, ಉಳಿದ 17ರಿಂದ 23ನ್ನು, ಉಳಿದ 6ರಿಂದ 17ನ್ನು, ಉಳಿದ 5ರಿಂದ 6ನ್ನು, ಉಳಿದ 1ರಿಂದ 5ನ್ನು. ಕೊನೆಯ ಭಾಗಾಕಾರದಲ್ಲಿ 4 ಸಲ ಎಂದು ನಿಲ್ಲಿಸಿ 1 ಉಳಿಸಿಕೊಳ್ಳಬೇಕು. ಹೆಸರಿಗೆ ತಕ್ಕಂತೆ ಸಂಖ್ಯೆಗಳನ್ನು ಕುಟ್ಟಿ ಕುಟ್ಟಿ ಸಣ್ಣದು ಮಾಡುವ ಕೆಲಸ. ಮೊದಲ ಭಾಗಲಬ್ಧ ಬಿಟ್ಟರೆ ಸಿಗುವುದು 1, 2, 1, 4. ಇವನ್ನು ಬಳ್ಳಿಯಂತೆ ಒಂದರ ಕೆಳಗೊಂದು ಬರೆಯಬೇಕು. ಕೊನೆಯ ಶೇಷ 1ನ್ನು ನಾವೇ ಆರಿಸಿದ 1ರಿಂದ ಗುಣಿಸಿ, ಬಿಡಿ ಹಣ್ಣು 7 ಕೂಡಿಸಿದರೆ 8. ಆ 1 ಮತ್ತು 8 ಬಳ್ಳಿಯ ಬುಡಕ್ಕೆ. ಇನ್ನು ಮೇಲೆ ಹತ್ತುವುದು: 4×1+8=12, 1×12+1=13, 2×13+12=38, 1×38+13=51. 51ನ್ನು 23ರಿಂದ ಭಾಗಿಸಿದರೆ ಶೇಷ 5. ರಾಶಿಗೆ 5 ಹಣ್ಣು, ಒಟ್ಟು 322, ತಲೆಗೆ 14. ಲೆಕ್ಕ ಸರಿಹೊಂದಿತು.

ನನ್ನನ್ನು ಬೀಳಿಸಿದ ಪ್ರಶ್ನೆಗೂ ಇದೇ ಬಳ್ಳಿ ಹಬ್ಬಿಸಿದೆ. ಉತ್ತರ 441. ತಮಾಷೆಯೆಂದರೆ, ಆಚಾರ್ಯರಿಗೂ 441 ಪರಿಚಿತ. ಎಡದಿಂದಲೂ ಬಲದಿಂದಲೂ ಒಂದೇ ಆಗಿ ಓದಿಸಿಕೊಳ್ಳುವ ಹಾರದಂಥ ಸಂಖ್ಯೆಗಳೆಂದರೆ ಅವರಿಗೆ ಇಷ್ಟ. 27994681ನ್ನು 441ರಿಂದ ಗುಣಿಸಿ ನೋಡಿ, 12345654321 ಬರುತ್ತದೆ.

ಅವರ ಪುಸ್ತಕ 11ನೇ ಶತಮಾನದಲ್ಲೇ ಪಾವುಲೂರಿ ಮಲ್ಲನನಿಂದ ತೆಲುಗಿಗೆ ಹೋಯಿತು. ಅಚ್ಚಾದದ್ದು 1912ರಲ್ಲಿ, ಮದರಾಸಿನ ಪ್ರಾಧ್ಯಾಪಕ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ. ಅದಕ್ಕಾಗಿ ಅವರು ಬಳಸಿದ ಹಸ್ತಪ್ರತಿಗಳಲ್ಲಿ ಒಂದು ಮೂಡುಬಿದಿರೆಯ ಜೈನಮಠದ ತಾಳೆಗರಿಯಿಂದ ನಕಲು ಮಾಡಿದ್ದು. ಲೆಕ್ಕಗಳ ಸಾರಾಂಶವೂ ಉತ್ತರವೂ ಅದರಲ್ಲಿ ಕನ್ನಡದಲ್ಲೇ ಇದ್ದವು. ಸಿದ್ಧಕಟ್ಟೆ ದಾರಿಯಲ್ಲಿ ಮೂರು ವರ್ಷದಿಂದ ಮೂಡುಬಿದಿರೆಗೆ ಓಡಾಡುತ್ತಿದ್ದೇನೆ, ಆಪ್ಟಿಟ್ಯೂಡ್ ಕೋಚಿಂಗ್‌ಗೆ ಮಂಗಳೂರಿಗೆ ಹೋಗಬೇಕೇ ಎಂದು ಯೋಚಿಸುತ್ತಾ!

ಮುಂದಿನ ತಿಂಗಳು ಇನ್ನೊಂದು ಕಂಪನಿ ಬರಲಿದೆ. ಮೊನ್ನೆ ಭಾನುವಾರ ಅಜ್ಜಿಮನೆಯಲ್ಲಿ ಅಡಿಕೆ ಸುಲಿಯುತ್ತಾ ಬಾಳೆಹಣ್ಣಿನ ಲೆಕ್ಕವನ್ನು ತುಳುವಿನಲ್ಲಿ ಹೇಳಿದೆ. ಅಜ್ಜಿ ಪೂರ್ತಿ ಕೇಳಿದರು. ಒಬ್ಬೊಬ್ಬ ಹದಿನಾಲ್ಕು ಬಾಳೆಹಣ್ಣು ತಿಂದರೆ ಮತ್ತೆ ದಾರಿ ನಡೆಯುವುದುಂಟೇ ಎಂದಷ್ಟೇ ಅವರ ಪ್ರಶ್ನೆ.