ಬಾಗಿಲಲ್ಲೇ ಕೂತು ಒಳಗೆ ಹೋದ ಕಮಲಾ ಸೊಹೊನಿ

ನಾವು ಊಟ ಮಾಡಿದ ಗಂಜಿ, ಪತ್ತಿರ್, ಮೀನು ಸಾರು ಹೊಟ್ಟೆಗೆ ಹೋದ ಮೇಲೆ ಏನಾಗುತ್ತದೆ? ಅಕ್ಕಿಯ ಪಿಷ್ಟ ಸಕ್ಕರೆಯಾಗುತ್ತದೆ, ಮೀನಿನ ಪ್ರೋಟೀನ್ ಅಮೈನೋ ಆಮ್ಲಗಳಾಗಿ ಒಡೆಯುತ್ತದೆ. ರಕ್ತದ ಮೂಲಕ ಜೀವಕೋಶ ಸೇರಿದ ಸಕ್ಕರೆ ಆಮ್ಲಜನಕದ ಸಹಾಯದಿಂದ ಹಂತಹಂತವಾಗಿ ಉರಿದು ಶಕ್ತಿ ಕೊಡುತ್ತದೆ. ಇದನ್ನೆಲ್ಲ ಹೇಳಿಕೊಡುವುದು ಜೀವರಸಾಯನಶಾಸ್ತ್ರ. ಆ ಶಾಸ್ತ್ರದಲ್ಲಿ ಹೆಸರು ಮಾಡಿದ ಕಮಲಾ ಸೊಹೊನಿಯವರ ಬದುಕನ್ನು ನಮ್ಮ ಮನೆಯ ಹೆಣ್ಣುಮಕ್ಕಳೂ ಅವರ ತಂದೆ-ತಾಯಿಯೂ ತಿಳಿದಿರಬೇಕು.

ಕಮಲಾ ಹುಟ್ಟಿದ್ದು 1911ರಲ್ಲಿ, ಇಂದೋರ್‌ನಲ್ಲಿ. ತಂದೆ ನಾರಾಯಣರಾವ್ ಭಾಗವತ್ ಮತ್ತು ಚಿಕ್ಕಪ್ಪ ಇಬ್ಬರೂ ರಸಾಯನಶಾಸ್ತ್ರ ಓದಿದವರು, ಅದೂ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ. 1933ರಲ್ಲಿ ಮುಂಬೈ ವಿಶ್ವವಿದ್ಯಾಲಯದ ಬಿ.ಎಸ್ಸಿ.ಯಲ್ಲಿ ಮೊದಲ ಸ್ಥಾನ ಪಡೆದ ಕಮಲಾ ಅದೇ ಸಂಸ್ಥೆಗೆ ಅರ್ಜಿ ಹಾಕಿದರು. ಅರ್ಜಿ ತಿರಸ್ಕಾರವಾಯಿತು. ಅಂಕ ಕಡಿಮೆ ಅಂತ ಅಲ್ಲ, ಹೆಣ್ಣು ಅಂತ. ಆಗ ನಿರ್ದೇಶಕರಾಗಿದ್ದವರು ನೊಬೆಲ್ ಪಡೆದ ಸರ್ ಸಿ.ವಿ. ರಾಮನ್.

ಕಮಲಾ ಸುಮ್ಮನೆ ಮನೆಗೆ ಹೋಗಲಿಲ್ಲ. ರಾಮನ್ ಅವರ ಕಚೇರಿ ಮುಂದೆ ಸತ್ಯಾಗ್ರಹಕ್ಕೆ ಕೂತರು. ಕೊನೆಗೆ ರಾಮನ್ ಒಪ್ಪಿದರು, ಆದರೆ ಷರತ್ತು ಹಾಕಿದರು. ಮೊದಲ ವರ್ಷ ಪರೀಕ್ಷೆಯ ಅವಧಿ, ಪೂರ್ಣ ವಿದ್ಯಾರ್ಥಿನಿ ಅಂತ ಲೆಕ್ಕವಿಲ್ಲ. ಮಾರ್ಗದರ್ಶಕರು ಹೇಳಿದರೆ ರಾತ್ರಿಯೂ ಕೆಲಸ ಮಾಡಬೇಕು. ಪ್ರಯೋಗಾಲಯದ ಗಂಡಸರ ಗಮನ ಕೆಡಿಸಬಾರದು. ಅವಮಾನ ನುಂಗಿಕೊಂಡು ಕಮಲಾ ಒಳಗೆ ಹೋದರು. ಎಂ. ಶ್ರೀನಿವಾಸಯ್ಯನವರ ಕೈಕೆಳಗೆ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನ್ ಬಗ್ಗೆ ಕೆಲಸ ಮಾಡಿ 1936ರಲ್ಲಿ ಎಂ.ಎಸ್ಸಿ. ಪಡೆದರು. ರಾಮನ್ ಅವರ ಮನಸ್ಸೂ ಬದಲಾಯಿತು, ಮುಂದೆ ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶ ಸಿಕ್ಕಿತು.

ನಂತರ ಕಮಲಾ ಇಂಗ್ಲೆಂಡಿನ ಕೇಂಬ್ರಿಡ್ಜ್‌ಗೆ ಹೋದರು. ಅಲ್ಲಿ ಆಲೂಗಡ್ಡೆ ಮೇಲೆ ಕೆಲಸ ಮಾಡುವಾಗ ಸಸ್ಯಗಳ ಜೀವಕೋಶದಲ್ಲೂ ಸೈಟೋಕ್ರೋಮ್ ಸಿ ಇದೆ ಅಂತ ತೋರಿಸಿದರು. ಇದು ಕಬ್ಬಿಣದ ಅಂಶವಿರುವ ಒಂದು ಸಣ್ಣ ಪ್ರೋಟೀನ್. ಭದ್ರಾವತಿಯವರಿಗೆ ಕಬ್ಬಿಣ ಅಂದರೆ ಕಾರ್ಖಾನೆಯ ಕುಲುಮೆ ನೆನಪಾಗುತ್ತದೆ. ಕುಲುಮೆಯಲ್ಲಿ ಸಾವಿರ ಡಿಗ್ರಿಗೂ ಹೆಚ್ಚು ಬಿಸಿ ಬೇಕು. ಜೀವಕೋಶದಲ್ಲಿ ಹಾಗಲ್ಲ, ನಮ್ಮ ಮೈಯ 37 ಡಿಗ್ರಿಯಲ್ಲೇ ಆಹಾರ ಉರಿಯುತ್ತದೆ. ಆಹಾರದಿಂದ ಬಂದ ಎಲೆಕ್ಟ್ರಾನ್‌ಗಳನ್ನು ಆಮ್ಲಜನಕದ ಕಡೆಗೆ ಕೈಯಿಂದ ಕೈಗೆ ದಾಟಿಸುವವುಗಳಲ್ಲಿ ಈ ಪ್ರೋಟೀನ್ ಒಂದು. ಮನುಷ್ಯನಲ್ಲೂ ಆಲೂಗಡ್ಡೆಯಲ್ಲೂ ಒಂದೇ ಏರ್ಪಾಡು! ಈ ಕೆಲಸಕ್ಕೆ 1939ರಲ್ಲಿ ಪಿಎಚ್.ಡಿ. ಸಿಕ್ಕಿತು. ಪ್ರಬಂಧ ಬರೀ 40 ಪುಟ.

ವಿದೇಶದಲ್ಲೇ ಉಳಿಯಬಹುದಿತ್ತು, ಅದೇ ವರ್ಷ ವಾಪಸು ಬಂದರು. ದೆಹಲಿ, ಕೂನೂರು ಕಡೆ ಕೆಲಸ ಮಾಡಿ, 1947ರಲ್ಲಿ ಮದುವೆಯಾದ ಮೇಲೆ ಮುಂಬೈಯ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಪಾಠ ಮತ್ತು ಸಂಶೋಧನೆ ನಡೆಸಿದರು. ಬಡವರ ಊಟವೇ ಅವರ ವಿಷಯ. ಅವರೆಕಾಳಿನಲ್ಲಿ ನಮ್ಮ ಜೀರ್ಣರಸವನ್ನೇ ತಡೆಯುವ ಒಂದು ಪ್ರೋಟೀನ್ ಇದೆ. ಅದನ್ನು ಅವರು ಮತ್ತು ಅವರ ಸಂಗಡಿಗರು ಬೇರ್ಪಡಿಸಿ 1955ರಲ್ಲಿ ಪ್ರಕಟಿಸಿದರು. ಕಾಳು ಚೆನ್ನಾಗಿ ಬೇಯಬೇಕು ಅಂತ ನಮ್ಮ ಉಮ್ಮಂದಿರು ಹೇಳುವುದರ ಹಿಂದೆ ಇಂಥ ಕಾರಣವಿದೆ.

ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಸಲಹೆಯಂತೆ ನೀರಾ ಮೇಲೂ ಕೆಲಸ ಮಾಡಿದರು. ನೀರಾ ಹುಳಿತರೆ ಕಳ್ಳು. ಹುಳಿಯುವ ಮೊದಲು ಅದು ಅಮಲಿಲ್ಲದ ಸಿಹಿ ರಸ. ಅದರಲ್ಲೂ ತಾಳೆಬೆಲ್ಲದಲ್ಲೂ ವಿಟಮಿನ್, ಕಬ್ಬಿಣದ ಅಂಶ ಇರುವುದನ್ನು ತೋರಿಸಿ, ಅಪೌಷ್ಟಿಕತೆ ಇರುವ ಆದಿವಾಸಿ ಮಕ್ಕಳಿಗೂ ಬಸುರಿಯರಿಗೂ ಅದು ಒಳ್ಳೆಯದು ಅಂತ ಕಂಡುಕೊಂಡರು. ಇದಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂತು. 1998ರಲ್ಲಿ ದೆಹಲಿಯಲ್ಲಿ ತಮ್ಮ ಸನ್ಮಾನ ಸಮಾರಂಭದಲ್ಲಿ ಕುಸಿದು ಬಿದ್ದವರು ಸ್ವಲ್ಪದರಲ್ಲೇ ತೀರಿಕೊಂಡರು.

ಇಲ್ಲಿ ಒಂದು ಮಾತು ಗಮನಿಸಬೇಕು. ಸಂಸ್ಥೆ ಬೇಡ ಅಂದಾಗಲೂ ಕಮಲಾ ಅವರ ಮನೆ ಬೇಡ ಅನ್ನಲಿಲ್ಲ. ಪಿಯುಸಿ ವಿಜ್ಞಾನದಲ್ಲಿ ಒಳ್ಳೆ ಅಂಕ ತೆಗೆದ ಹುಡುಗಿಯರು ನಮ್ಮ ಶಿವಮೊಗ್ಗ, ಭದ್ರಾವತಿಯ ಮನೆಗಳಲ್ಲೂ ಇದ್ದಾರೆ. ಜೀವರಸಾಯನಶಾಸ್ತ್ರದ ಎಂ.ಎಸ್ಸಿ.ಗೆ ದೂರ ಹೋಗಬೇಕಿಲ್ಲ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೇ ಇದೆ. ಮಗಳು ಮುಂದೆ ಓದುತ್ತೇನೆ ಅಂದಾಗ, ಸಾಕು ಅನ್ನುವ ಮೊದಲು ಬಾಪಂದಿರು ಕಮಲಾ ಅವರ ತಂದೆಯನ್ನೊಮ್ಮೆ ನೆನೆಯಲಿ.